ಅಟ್ಟದ ವಾಸ್ನೆ ಬರೋ ವಿಸ್ಕಿ

ಮೊದ್ಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಕುಡುಕ ಅಲ್ಲ. ವಾರಕ್ಕೊಂದು ದಿನ, ಶನಿವಾರ ರಾತ್ರಿ ಅಂಗಡಿ ಶಟರ್ ಎಳೆದು ಮನೆಗೆ ಬಂದು 30 ಎಂಎಲ್, ಯಾರಾದ್ರೂ ಜೊತೆಗಿದ್ರೆ 60, ಅಲ್ಲಿಗೆ ಮುಗೀತು. ತುಮಕೂರಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು ನಾನು, ಲಿವರ್ ಮಾತ್ರೆ ಯಾರ್ಯಾರ ಮನೆಗೆ ಎಷ್ಟೆಷ್ಟು ಹೋಗುತ್ತೆ ಅಂತ ದಿನಾ ಕಣ್ಣಾರೆ ನೋಡ್ತೀನಿ, ಅದಕ್ಕೇ ಅಳತೆ ಮೀರೋಕೆ ಭಯ. ಆದ್ರೆ ಆ 30 ಎಂಎಲ್ ಬಗ್ಗೆ ಮಾತು ಶುರುವಾದ್ರೆ ಮಾತ್ರ ನನಗೆ ಬ್ರೇಕ್ ಇಲ್ಲ. "ಕುಡಿಯೋದು ಒಂದು ಲೋಟ, ಕುಯ್ಯೋದು ಮೂರು ಗಂಟೆ" ಅಂತಾಳೆ ನಮ್ಮನೆಯವಳು.

ಈಗ ಹೇಳೋಕೆ ಹೊರಟಿರೋದು 2024ರಲ್ಲಿ ನನಗೆ ನಾನೇ ಇಟ್ಕೊಂಡ ಒಂದು ಪರೀಕ್ಷೆ ಕಥೆ. ಪರೀಕ್ಷೆ ಬರೆದೋನೂ ನಾನೇ, ಫೇಲ್ ಆದೋನೂ ನಾನೇ.

ಹಿಂದಿನದ್ದು ಸ್ವಲ್ಪ ಹೇಳ್ಬೇಕು. ಡಿಫಾರ್ಮಾ ಓದುವಾಗ ನಮ್ಮ ಗ್ಯಾಂಗಿಗೆ ವಿಸ್ಕಿ ಅಂದ್ರೆ ಬಸ್ ಸ್ಟ್ಯಾಂಡ್ ಹತ್ರದ ಬಾರಲ್ಲಿ ಒಂದು ಕ್ವಾರ್ಟರ್, ಎರಡು ಸೋಡಾ, ಒಂದು ಪ್ಲೇಟ್ ಕಡ್ಲೆಬೀಜ, ಈರುಳ್ಳಿ ನಿಂಬೆಹಣ್ಣು ಹಿಂಡಿದ್ದು. ರುಚಿ ಅಂತ ಯಾರೂ ಕೇಳ್ತಿರ್ಲಿಲ್ಲ, ಮೂಗು ಹಿಡ್ಕೊಂಡು ಗಂಟಲಿಗೆ ಇಳಿಸೋದು, ಮುಖ ಕಿವುಚೋದು, ಕಡ್ಲೆಬೀಜ ಬಾಯಿಗೆ ಹಾಕ್ಕೊಳ್ಳೋದು. ಬಾಟ್ಲಿ ಮೇಲೆ 42.8 ಅಂತ ಯಾಕಿರುತ್ತೆ, 42 ಅಥವಾ 43 ಅಂತ ಯಾಕಿರಲ್ಲ ಅಂತ ಒಬ್ರಿಗೂ ಅನುಮಾನ ಬಂದಿರ್ಲಿಲ್ಲ. ಅದು ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕ, ಅವರ 100 ಪ್ರೂಫ್ ಅಂದ್ರೆ 57.1 ಪರ್ಸೆಂಟ್ ಆಲ್ಕೋಹಾಲ್, ಅದರ ಮುಕ್ಕಾಲು ಭಾಗ 75 ಪ್ರೂಫ್, ಅಂದ್ರೆ 42.8. ಅವರು ಹೋಗಿ ಇಷ್ಟು ವರ್ಷ ಆದ್ರೂ ಅಳತೆ ಮಾತ್ರ ನಮ್ಮ ಕ್ವಾರ್ಟರ್ ಮೇಲೆ ಹಾಗೇ ಕೂತಿದೆ. ಇನ್ನೊಂದು ವಿಷಯ ಆಮೇಲೆ ತಿಳಿದಿದ್ದು, ನಾವು ಆಗ ಕುಡೀತಿದ್ದ ಅಗ್ಗದ ವಿಸ್ಕಿಗಳಲ್ಲಿ ಮುಕ್ಕಾಲು ಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್, ಅದಕ್ಕೆ ಒಂಚೂರು ಮಾಲ್ಟ್, ಅಂದ್ರೆ ಮೊಳಕೆ ಬಾರ್ಲಿಯ ವಿಸ್ಕಿ, ಸೇರಿಸಿರ್ತಾರೆ. ಯುರೋಪಲ್ಲಿ ಅದನ್ನ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ, ಅಲ್ಲಿ ಧಾನ್ಯದಿಂದ ಮಾಡಿದ್ರೆ ಮಾತ್ರ ವಿಸ್ಕಿ. ಹಂಗಾಗಿ ಲೆಕ್ಕ ಹಾಕಿದ್ರೆ ನಾವು ಕಾಲೇಜಲ್ಲಿ ಕುಡಿದಿದ್ದು ಹೆಚ್ಚುಕಮ್ಮಿ ರಮ್ಮಿನ ತಮ್ಮನ್ನ.

ಆಮೇಲೆ ಅಂಗಡಿ, ಮದುವೆ, ಮಗಳು, ಸಾಲ, ಹತ್ತು ವರ್ಷ ಬಾಟ್ಲಿ ಕಡೆ ತಲೆ ಹಾಕಿರ್ಲಿಲ್ಲ. ಮತ್ತೆ ಶುರುವಾಗಿದ್ದು ಭಾಮೈದನಿಂದ. ಅವನು ಸಾಫ್ಟ್‌ವೇರು, ವರ್ಷಕ್ಕೆ ಎರಡು ಸಲ ಹೊರದೇಶಕ್ಕೆ ಹೋಗ್ತಾನೆ, ದೇವನಹಳ್ಳಿಯಲ್ಲಿ ಇಳಿಯುವಾಗ ಡ್ಯೂಟಿ ಫ್ರೀಲಿ ಒಬ್ಬರಿಗೆ 2 ಲೀಟರ್ ಬಿಡ್ತಾರಲ್ಲ, ಅದರಲ್ಲಿ ಒಂದು ಲೀಟರ್ ಭಾವನ ಹೆಸರಿಗೆ. ಮೊದಲನೇ ಸಲ ತಂದಿದ್ದು ಲಫ್ರಾಯ್ಗ್. ಮುಚ್ಚಳ ತೆಗೆದ ತಕ್ಷಣ ನಮ್ಮನೆಯವಳು ಅಡುಗೆಮನೆಯಿಂದ "ಏನ್ರೀ, ಯಾರಿಗೆ ಗಾಯ ಆಯ್ತು?" ಅಂತ ಓಡಿ ಬಂದ್ಲು, ಸುಳ್ಳಲ್ಲ. ಟಿಂಚರ್ ಅಯೋಡಿನ್, ಬ್ಯಾಂಡೇಜು, ಡೆಟಾಲು, ಸುಟ್ಟ ಸೌದೆ ಎಲ್ಲಾ ಒಟ್ಟಿಗೆ. ಸ್ಕಾಟ್ಲೆಂಡಿನ ಐಲಾ ಅನ್ನೋ ದ್ವೀಪದ್ದು ಅದು. ಮೊಳಕೆ ಬಂದ ಬಾರ್ಲಿನ ಒಣಗಿಸೋಕೆ ಅಲ್ಲಿ ಪೀಟ್ ಸುಡ್ತಾರೆ, ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಗಟ್ಟಿಯಾದ ಗಿಡಗಂಟಿ, ಬೆರಣಿ ಥರ ಕೊಯ್ದು ಒಣಗಿಸಿ ಉರಿಸ್ತಾರೆ. ಆ ಹೊಗೆಯಲ್ಲಿರೋ ಫಿನಾಲು, ಕ್ರೆಸಾಲು ಇವೆಲ್ಲ ಕಾಳಿಗೆ ಹತ್ಕೊಂಡು ಕೊನೇವರೆಗೂ ಬಿಡಲ್ಲ. ನಮ್ಮ ಕಡೆ ರಾಗಿ ಮೊಳಕೆ ಕಟ್ಟಿ ಒಣಗಿಸಿ ಮಾಲ್ಟ್ ಮಾಡ್ತೀವಲ್ಲ, ಮೊದಲ ಅರ್ಧ ಥೇಟ್ ಅದೇ ಕೆಲಸ, ಆದ್ರೆ ನಾವು ಬಿಸಿಲಿಗೆ ಹಾಕ್ತೀವಿ ಅವರು ಹೊಗೆಗೆ ಹಾಕ್ತಾರೆ, ಪಾಪ ಅವರಿಗೆ ಬಿಸಿಲೆಲ್ಲಿ.

ಮೊದಲ ದಿನ ನನಗೆ ಇಷ್ಟ ಆಗ್ಲಿಲ್ಲ, ಇದು ಸತ್ಯ. ಆದ್ರೆ ಭಾಮೈದ "ಭಾವ, ಇದು ಎಲ್ಲರಿಗೂ ಹಿಡಿಯಲ್ಲ, ಹಿಡಿದವ್ರು ಬಿಡಲ್ಲ" ಅಂದ್ಬಿಟ್ಟ. ಆ ಒಂದು ಮಾತು ಸಾಕಾಯ್ತು, ಎಲ್ಲರಿಗೂ ಹಿಡಿಯದೇ ಇರೋದು ನನಗೆ ಹಿಡೀಲೇಬೇಕು ಅಂತ ಹಠ ಬಂತು. ಆರು ತಿಂಗಳಲ್ಲಿ ಹಿಡೀತು, ಅಥವಾ ಹಿಡೀತು ಅಂದ್ಕೊಂಡೆ. ಅಲ್ಲಿಂದ ಐದಾರು ವರ್ಷ ನಾನು ಎಲ್ಲಿ ಕೂತ್ರೂ "ನಮ್ದೇನಿದ್ರೂ ಪೀಟೆಡ್ ಕಣಪ್ಪ, ಹೊಗೆ ಇಲ್ದೇ ಇರೋದು ಶರಬತ್ತು" ಅಂತ ಡೈಲಾಗು. ಫಿನಾಲ್ ಎಷ್ಟು ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ ಮೆಡಿಸಿನ್ ಡೋಸ್ ಹೇಳೋ ಥರ ಹೇಳೋದು, ಐಲಾದ್ದೇ ಆರ್ಡ್‌ಬೆಗ್ ಮಾಲ್ಟು 55ರ ಹತ್ರ, ಇದು ಇಷ್ಟು, ಅದು ಅಷ್ಟು. ನಗು ಬರೋದು ಏನಂದ್ರೆ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಅದೇ ಟಿಂಚರ್ ವಾಸ್ನೆಯಲ್ಲಿ ಸುಮ್ನೆ ಕೂತಿರ್ತೀನಿ, ರಾತ್ರಿ ದುಡ್ಡು ಕೊಟ್ಟು ಮತ್ತೆ ಅದನ್ನೇ ಮೂಸ್ತೀನಿ. ಅಂಗಡಿ ಹುಡುಗನಿಗೆ ಒಂದ್ಸಲ ಇದನ್ನ ಹೇಳಿದ್ದಕ್ಕೆ ಅವನು "ಅಣ್ಣ, ಹಂಗಾದ್ರೆ ನಮ್ಮ ಗೋಡೌನಲ್ಲೇ ಕೂತ್ಕೊಂಡು ನೀರು ಕುಡೀರಿ" ಅಂದ.

ಇದೆಲ್ಲಾ ಅಲುಗಾಡಿದ್ದು ಒಂದು ಸಾಧಾರಣ ಬಾಟ್ಲಿಯಿಂದ. ಸಾಧಾರಣ ಅಂದ್ರೆ ನನ್ನ ಲೆಕ್ಕದಲ್ಲಿ, ಯಾಕಂದ್ರೆ ಅದು ಇಲ್ಲಿಯದ್ದು, ವಯಸ್ಸು, ಅಂದ್ರೆ ಪೀಪಾಯಿಯಲ್ಲಿ ಎಷ್ಟು ವರ್ಷ ಮಾಗಿದೆ ಅಂತ ಬರೆದಿರ್ಲಿಲ್ಲ, ಹೊಗೆ ಇರ್ಲಿಲ್ಲ. ಪಾಲ್ ಜಾನ್ ಬ್ರಿಲಿಯನ್ಸ್. ಗೋವಾದಲ್ಲಿ ಮಾಡೋದು, 46 ಪರ್ಸೆಂಟ್, ಅಮೆರಿಕದ ಬರ್ಬನ್ ವಿಸ್ಕಿ ತುಂಬಿ ಖಾಲಿ ಮಾಡಿದ ಪೀಪಾಯಿಗಳಲ್ಲಿ ಮಾಗಿಸೋದು. ಅಂದಹಾಗೆ ನಮ್ಮ ಬಾರ್‌ಗಳಲ್ಲಿ ಓಸಿ ಓಸಿ ಅಂತ ಕೇಳ್ತಾರಲ್ಲ ಒರಿಜಿನಲ್ ಚಾಯ್ಸ್, ಅದನ್ನ ಮಾಡೋ ಬೆಂಗಳೂರಿನ ಕಂಪನೀದೇ ಇದೂ. ಒಬ್ಬ ಗೆಳೆಯ ಮನೆ ಗೃಹಪ್ರವೇಶ ಆದ್ಮೇಲೆ ಕೊಟ್ಟಿದ್ದ, ನಾನು ಬೀರುವಿನ ಹಿಂದೆ ಇಟ್ಟು ಮರೆತಿದ್ದೆ. 2024ರ ಮಾರ್ಚಲ್ಲಿ ಒಂದು ಶನಿವಾರ ಬೇರೇನೂ ಇಲ್ದೇ ಅದನ್ನ ತೆಗೆದೆ. ಲೋಟಕ್ಕೆ ಹಾಕಿ ಮೂಗಿನ ಹತ್ರ ತಂದೆ ನೋಡಿ, ಅಟ್ಟ.

ಅಟ್ಟ ಅಂದ್ರೆ ನಮ್ಮೂರ ಅಟ್ಟ. ನಮ್ದು ತಿಪಟೂರು ತಾಲೂಕು, ತೆಂಗಿನ ಮನೆ. ಬಲಿತ ಕಾಯಿನ ಸುಲಿಯದೇ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ರೆ ಒಳಗಿನ ನೀರೆಲ್ಲ ಇಂಗಿ, ಕಾಯಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತೆ, ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಲೊಡಲೊಡ ಅನ್ನುತ್ತೆ. ಮಳೆಗಾಲದಲ್ಲಿ ತೇವ ಹಿಡೀದೇ ಇರ್ಲಿ ಅಂತ ನಮ್ಮನೇಲಿ ಕೆಳಗೆ ಸಣ್ಣಗೆ ಹೊಗೆ ಹಾಕ್ತಿದ್ರು. ಚಿಕ್ಕವನಿದ್ದಾಗ ಏಣಿ ಹತ್ತಿ ಅಟ್ಟದ ಬಾಗಿಲಿಗೆ ತಲೆ ತೂರಿಸಿದ್ರೆ ಒಂದು ವಾಸ್ನೆ ಬರ್ತಿತ್ತು, ಸಿಹಿ, ಎಣ್ಣೆ, ಒಣ ಮರ, ಧೂಳು, ಎಲ್ಲೋ ಹಿಂದೆ ಚೂರು ಹೊಗೆ. ಆ ಲೋಟದಲ್ಲಿ ಹೊಗೆ ಬಿಟ್ಟು ಬಾಕಿ ಎಲ್ಲಾ ಇತ್ತು. ಇಪ್ಪತ್ತೈದು ವರ್ಷ ಆ ಏಣಿ ನೆನಪಾಗಿರ್ಲಿಲ್ಲ ನನಗೆ.

ಇದು ಬರೀ ನನ್ನ ಭ್ರಮೆ ಅಲ್ಲ, ಆಮೇಲೆ ಓದಿ ತಿಳ್ಕೊಂಡೆ. ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನೋ ಒಂದು ಜಾತಿ ರಾಸಾಯನಿಕ ಇರುತ್ತೆ, ಅದರಲ್ಲಿ ಒಂದಕ್ಕೆ ಹೆಸರೇ ವಿಸ್ಕಿ ಲ್ಯಾಕ್ಟೋನ್, ವಾಸ್ನೆ ಥೇಟ್ ಕೊಬ್ಬರಿ. ಯುರೋಪಿನ ಓಕ್‌ಗಿಂತ ಅಮೆರಿಕದ ಬಿಳಿ ಓಕಲ್ಲಿ ಅದು ಜಾಸ್ತಿ. ತೆಂಗಿನಕಾಯಿಯ ವಾಸ್ನೆಗೆ ಕಾರಣ ಆಗಿರೋದೂ ಅದೇ ಲ್ಯಾಕ್ಟೋನ್ ಕುಟುಂಬದ ಅಣ್ಣತಮ್ಮಂದಿರೇ. ಅಮೆರಿಕದಲ್ಲಿ ಬರ್ಬನ್‌ಗೆ ಒಳಗಡೆ ಸುಟ್ಟ ಹೊಸ ಪೀಪಾಯಿನೇ ಬೇಕು ಅಂತ ಕಾನೂನಿದೆ, ಹಂಗಾಗಿ ಒಂದ್ಸಲ ಬಳಸಿದ್ದು ಅವರಿಗೆ ಬೇಡ, ಅದೆಲ್ಲ ಸ್ಕಾಟ್ಲೆಂಡು, ಐರ್ಲೆಂಡು, ನಮ್ಮ ದೇಶಕ್ಕೆ ಬರುತ್ತೆ. ಅಂದ್ರೆ ಕೆಂಟಕಿಯ ಮರ ಗೋವಾಕ್ಕೆ ಬಂದು ತಿಪಟೂರು ವಾಸ್ನೆ ಕೊಡ್ತಿದೆ.

ಆಗ ಅನುಮಾನ ಶುರುವಾಯ್ತು. ನನಗೆ ನಿಜವಾಗ್ಲೂ ಪೀಟ್ ಇಷ್ಟಾನಾ, ಇಲ್ಲಾ ಪೀಟ್ ಇಷ್ಟ ಅಂತ ಹೇಳ್ಕೊಳ್ಳೋದು ಇಷ್ಟಾನಾ? ಲೇಬಲ್ ನೋಡ್ದೇ ಕುಡಿದ್ರೆ ಗೊತ್ತಾಗ್ಬಿಡುತ್ತೆ ಅನ್ಕೊಂಡೆ.

ಮನೇಲಿ ಅಲ್ಲಿಲ್ಲಿ ಅರ್ಧ ಮುಕ್ಕಾಲು ಉಳಿದಿದ್ದ ಬಾಟ್ಲಿ ಲೆಕ್ಕ ಹಾಕಿದ್ರೆ ಎಂಟು ಸಿಕ್ತು, ನಾಲ್ಕೈದು ವರ್ಷದ ಉಡುಗೊರೆ, ಡ್ಯೂಟಿ ಫ್ರೀ ಎಲ್ಲಾ ಸೇರಿ. ಲಫ್ರಾಯ್ಗ್, ಬ್ರಿಲಿಯನ್ಸ್, ಅಮೃತ್ ಫ್ಯೂಷನ್, ಗ್ಲೆನ್‌ಲಿವೆಟ್ 12, ಶೆರ್ರಿ ಅನ್ನೋ ಸ್ಪೇನಿನ ವೈನ್ ಪೀಪಾಯಿಯ ಗ್ಲೆನ್‌ಡ್ರೊನಾಕ್ 12, ಐರಿಷ್‌ದು ರೆಡ್‌ಬ್ರೆಸ್ಟ್ 12, ಬರ್ಬನ್ ಅಂತ ಮೇಕರ್ಸ್ ಮಾರ್ಕ್, ಕೊನೇದು ಸ್ಕಾಟ್ಲೆಂಡಿನ ಸ್ಪೇ ನದಿ ಕಡೆಯ ಒಂದು 18 ವರ್ಷದ ಸ್ಪೇಸೈಡು, ಅದರ ಹೆಸರು ಬೇಡ ಬಿಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಮೆಡಿಕಲ್ ಸ್ಟೋರ್ ಇಟ್ಕೊಂಡಿದ್ದಕ್ಕೆ ಜೀವನದಲ್ಲಿ ಮೊದಲನೇ ಸಲ ಹವ್ಯಾಸಕ್ಕೆ ಪ್ರಯೋಜನ ಆಯ್ತು, ಕಂದು ಬಣ್ಣದ ಚಿಕ್ಕ ಗಾಜಿನ ಸೀಸೆ, ಅಳತೆ ಮಾಡೋಕೆ ಸಿರಿಂಜು, ನೀರಿಗೆ ಡ್ರಾಪರು, ನಂಬರ್ ಬರೆಯೋಕೆ ಲೇಬಲ್ಲು, ಎಲ್ಲಾ ಕೌಂಟರ್ ಹಿಂದೇನೇ ಇತ್ತು. ಕಂದು ಗಾಜು ಯಾಕಂದ್ರೆ ಬಣ್ಣ ಕಾಣ್ಬಾರ್ದು. ವಿಸ್ಕಿ ಬಣ್ಣ ನೋಡಿ ಮೋಸ ಹೋಗೋದು ಬಹಳ ಸುಲಭ, ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕೋಕೆ ಕಾನೂನಲ್ಲೇ ಅವಕಾಶ ಇದೆ, ಗಾಢ ಬಣ್ಣ ಅಂದ್ರೆ ಹಳೇದು ಅಂತ ನಾವು ತಲೆ ಅಲ್ಲಾಡಿಸ್ತೀವಿ.

ಸೀಸೆ ತುಂಬೋ ಕೆಲಸ ಮನೆಯವಳಿಗೆ. ಅವಳು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದೋಳಲ್ಲ, ಆದ್ರೆ ನನ್ನನ್ನ ಹಿಡಿದು ಹಾಕೋ ಅವಕಾಶ ಸಿಕ್ರೆ ಬಿಡ್ತಾಳಾ, ಖುಷಿಯಾಗಿ ಒಪ್ಕೊಂಡ್ಲು. ಯಾವ ನಂಬರು ಯಾವುದು ಅಂತ ಮಗಳ ಹಳೇ ನೋಟ್‌ಬುಕ್ಕಲ್ಲಿ ಬರೆದಿಟ್ಕೊಂಡು ಆ ಬುಕ್ಕನ್ನ ದೇವರ ಮನೆಯಲ್ಲಿ ಇಟ್ಬಿಟ್ಲು, ಕುಡಿದ ಬಾಯಲ್ಲಿ ನಾನು ಅಲ್ಲಿಗೆ ಕೈ ಹಾಕಲ್ಲ ಅಂತ ಅವಳಿಗೆ ಗೊತ್ತು. ಎಂಟು ಬಾಟ್ಲಿಗೆ ಹತ್ತು ಸೀಸೆ ತಂದಿಟ್ಲು. "ಇದ್ಯಾಕೆ ಹತ್ತು?" ಅಂದೆ. "ನಿಮಗ್ಯಾಕೆ, ಪರೀಕ್ಷೆ ಬರೆಯೋರು ಪೇಪರ್ ಸೆಟ್ ಮಾಡೋರ್ನ ಪ್ರಶ್ನೆ ಕೇಳ್ಬಾರ್ದು" ಅಂದ್ಲು.

ಶನಿವಾರಕ್ಕೆ ಎರಡು ಸೀಸೆ, ತಲಾ 15 ಎಂಎಲ್, ಐದು ವಾರ. ಮೊದಲು ಬರೀ ಮೂಸೋದು, ಆಮೇಲೆ ಚೂರು ನಾಲಿಗೆ ಮೇಲೆ, ಆಮೇಲೆ ಡ್ರಾಪರಲ್ಲಿ ನೀರು. ನೀರಿನ ವಿಷಯದಲ್ಲಿ ನನ್ನ ಫಾರ್ಮಸಿ ಬುದ್ಧಿ ಸುಮ್ನಿರಲ್ಲ, 50 ಪರ್ಸೆಂಟ್ ಇರೋದು 15 ಎಂಎಲ್‌ಗೆ 1 ಎಂಎಲ್ ನೀರು ಹಾಕಿದ್ರೆ 47ರ ಹತ್ರ ಬರುತ್ತೆ, ಕಾಲು ಕಮ್ಮಿ ನಾಲ್ಕು ಅಂತೀವಲ್ಲ, 3.75 ಹಾಕಿದ್ರೆ ಸರಿಯಾಗಿ 40. ಬಾರಲ್ಲಿ ನಾವು ಅರ್ಧ ಲೋಟ ಸೋಡಾ ಸುರೀತಿದ್ವಲ್ಲ, ಆಗ ನಾಲಿಗೆಗೆ ಸಿಕ್ತಿದ್ದಿದ್ದು ಎಷ್ಟು ಅಂತ ಲೆಕ್ಕ ಹಾಕೋಕೂ ಹೋಗಿಲ್ಲ.

ಬರೆಯೋ ಭಾಷೆ ಬಗ್ಗೆ ಒಂದು ನಿಯಮ ಮಾಡ್ಕೊಂಡೆ. ಬಾಟ್ಲಿ ಡಬ್ಬದ ಮೇಲೆಲ್ಲಾ ಬರೆದಿರ್ತಾರಲ್ಲ, ಹೆದರ್ ಹೂವು, ಕ್ರಿಸ್ಮಸ್ ಕೇಕು, ಬ್ಲ್ಯಾಕ್ ಕರಂಟು ಅಂತ, ಅವ್ಯಾವುದನ್ನೂ ಬರೆಯೋ ಹಾಗಿಲ್ಲ. ನಾನು ಹೆದರ್ ಹೂವು ಕಂಡಿಲ್ಲ, ಆದ್ರೆ ಇಷ್ಟು ವರ್ಷ "ಆಹಾ ಹೆದರ್" ಅಂತ ಹೇಳ್ಕೊಂಡು ಓಡಾಡ್ತಿದ್ದೆ. ನಮ್ಮೂರಲ್ಲಿ ನಾನು ಮೂಸಿರೋ ವಾಸ್ನೆ ಮಾತ್ರ ಬರೀಬೇಕು. ಇದೊಂದು ಮಾಡಿದ್ದೇ ತಡ, ಮೂಗಿಗೆ ಜೀವ ಬಂತು. ಒಂದು ಸೀಸೆಗೆ "ಚೇಳೂರು ಹಲಸಿನ ಸಂತೆ, ಮಧ್ಯಾಹ್ನ" ಅಂತ ಬರೆದಿದ್ದೀನಿ, ಇನ್ನೊಂದಕ್ಕೆ "ಹುಣಸೆಹಣ್ಣಿನ ಮಂಡಿ, ಗೋಣಿಚೀಲ, ಖರ್ಜೂರ". ಒಂದಕ್ಕೆ "ಬೆಲ್ಲದ ಪಾಕ ಒಂದೆಳೆ ಜಾಸ್ತಿ ಆಗಿ ತಳ ಹತ್ತಿದ್ದು". ಇನ್ನೊಂದಕ್ಕೆ ಒಂದೇ ಪದ, "ಅಂಗಡಿ".

ಐದನೇ ಶನಿವಾರ ಮುಗಿದು ಭಾನುವಾರ ಬೆಳಗ್ಗೆ ಸ್ನಾನ ಮಾಡ್ಕೊಂಡು ಬುಕ್ಕು ತೆಗೆದ್ವಿ, ತಟ್ಟೆ ಇಡ್ಲಿ ತಿನ್ಕೊಂಡು ರಿಸಲ್ಟು.

"ಅಂಗಡಿ" ಅಂದ್ರೆ ಲಫ್ರಾಯ್ಗ್, ಅದು ಯಾರಿಗಾದ್ರೂ ಗೊತ್ತಾಗುತ್ತೆ, ಕಣ್ಣು ಮುಚ್ಚಿದ್ರೂ ಮೂಗು ಮುಚ್ಚಿದ್ರೂ. ಆದ್ರೆ ನಾನು ಕೊಟ್ಟಿದ್ದ ಮಾರ್ಕು 10ಕ್ಕೆ 6. ಐದಾರು ವರ್ಷ ಯಾವುದರ ಹೆಸರು ಹೇಳ್ಕೊಂಡು ಮೆರೆದಿದ್ನೋ ಅದಕ್ಕೆ 6. ಮನೆಯವಳು ಏನೂ ಹೇಳ್ಲಿಲ್ಲ, ಚಟ್ನಿ ಬಡಿಸಿದ್ಲು. 18 ವರ್ಷದ್ದು, ಮನೆಯಲ್ಲಿದ್ದ ಎಲ್ಲಾದಕ್ಕಿಂತ ದುಬಾರಿ, ಅದು ಏಳನೇ ಸ್ಥಾನ, ನಾನು ಬರೆದಿದ್ದು "ಮೆತ್ತಗಿದೆ, ಹಳೇ ಬೀರು ಬಾಗಿಲು ತೆಗೆದ ಹಾಗೆ". ಹತ್ತರಲ್ಲಿ ಕೊನೇದು ಅವಳು ಅಂಗಡಿ ಹುಡುಗನ ಕೈಲಿ ತರಿಸಿದ್ದ ಮಾಮೂಲಿ ಕ್ವಾರ್ಟರು, ಅದನ್ನ ಸರಿಯಾಗಿ ಹಿಡಿದೆ ಅಂತ ಸ್ವಲ್ಪ ಮರ್ಯಾದೆ ಉಳೀತು ಅನ್ಕೋತಿದ್ದೆ.

ಆಗ ಅವಳು ನಿಧಾನಕ್ಕೆ, "ರೀ, 2ನೇ ನಂಬರಿಗೆ ಎಷ್ಟು ಕೊಟ್ರಿ?" ಅಂದ್ಲು. "ಎಂಟೂವರೆ. ಅಟ್ಟ ಅಂತ ಬರೆದಿದ್ದೀನಿ ನೋಡು, ಬ್ರಿಲಿಯನ್ಸ್ ಅಲ್ವಾ?" "ಹೌದು. 8ಕ್ಕೆ?" "ಐದು. ತೆಳ್ಳಗೆ, ಖಾರ, ಮಜಾ ಇಲ್ಲ." "ಅದೂ ಬ್ರಿಲಿಯನ್ಸೇ ರೀ. ಅದೇ ಬಾಟ್ಲಿ, ಅದೇ ದಿನ ತುಂಬಿದ್ದು."

ನಂಬಿ, ಇಡ್ಲಿ ಗಂಟಲಲ್ಲೇ ನಿಂತ್ಕೊಂಡ್ತು.

ಎರಡು ದಿನ ಅದೇ ಯೋಚನೆ, ಗಿರಾಕಿಗೆ ಚಿಲ್ಲರೆ ಎಣಿಸುವಾಗ್ಲೂ ಅದೇ. ಒಂದೇ ಬಾಟ್ಲಿಗೆ ಎಂಟೂವರೆ ಮತ್ತೆ ಐದು ಕೊಡೋನು ಬೇರೆಯವರಿಗೆ ಇದು ಒಳ್ಳೇದು ಅದು ಕೆಟ್ಟದ್ದು ಅಂತ ಹೇಳೋಕೆ ಯಾವ ಅರ್ಹತೆ? ಆಮೇಲೆ ಬರೆದಿದ್ದನ್ನ ಮತ್ತೆ ಓದಿದೆ. ಎಂಟನೇ ನಂಬರು ನಾಲ್ಕನೇ ವಾರದ್ದು, ಆವತ್ತು ಮೊದಲು ಮೂಸಿದ್ದ ಇನ್ನೊಂದು ಸೀಸೆ ಯಾವುದು? ಲಫ್ರಾಯ್ಗ್. ಅಯೋಡಿನ್ ಹೊಡೆದ ನಾಲಿಗೆ ಮೇಲೆ ಪಾಪ ಕೊಬ್ಬರಿ ಏನು ಮಾಡುತ್ತೆ. ಮೇಲಿಂದ ಆವತ್ತು ಪಕ್ಕದ ಮನೆಯಿಂದ ಮೆಣಸಿನಕಾಯಿ ಬಜ್ಜಿ ಬಂದಿತ್ತು, ನಾಲ್ಕು ತಿಂದು ಕೂತಿದ್ದೆ, ಅದನ್ನ ಮೂಲೆಯಲ್ಲಿ ಸಣ್ಣದಾಗಿ ಬರೆದೂ ಇದ್ದೆ. ಎರಡನೇ ನಂಬರು ಮೊದಲ ವಾರ, ಏನೂ ತಿಂದಿರ್ಲಿಲ್ಲ, ಮೊದಲ ಸೀಸೆ ಗ್ಲೆನ್‌ಲಿವೆಟ್, ಅದು ಯಾರ ತಂಟೆಗೂ ಹೋಗದ ಸಾಧು.

ಹಂಗಾಗಿ ಜೂನ್ ಜುಲೈಯಲ್ಲಿ ಎರಡನೇ ಸುತ್ತು. ಈ ಸಲ ನಿಯಮ ಬಿಗಿ ಮಾಡಿದೆ. ಹೊಗೆ ಇರೋವು ಯಾವಾಗ್ಲೂ ಎರಡನೇದಾಗಿ ಬರ್ಬೇಕು, ಕಮ್ಮಿ ಪರ್ಸೆಂಟಿಂದ ಜಾಸ್ತಿಗೆ ಹೋಗ್ಬೇಕು, ಅದಕ್ಕೆ ಮುಂಚೆ ಎರಡು ಗಂಟೆ ಖಾರ ಇಲ್ಲ ಉಪ್ಪಿನಕಾಯಿ ಇಲ್ಲ ಕಾಫಿ ಇಲ್ಲ, ನಡುವೆ ಅರ್ಧ ಗಂಟೆ ಬಿಟ್ಟು ಬರೀ ನೀರು, ಬೇಕಿದ್ರೆ ಒಂದು ತುತ್ತು ಬಿಳಿ ಅನ್ನ. ಊದುಬತ್ತಿನೂ ಬೇಡ ಅಂದೆ, ಅದಕ್ಕೆ ಮಾತ್ರ ಒಪ್ಲಿಲ್ಲ, ನಾನೇ ಟೆರೇಸಿಗೆ ಹೋದೆ. ಮಳೆ ಬಂದ ಎರಡು ಶನಿವಾರ ನೀರಿನ ಟ್ಯಾಂಕ್ ಕೆಳಗೆ ಕೂತು ಮೂಸಿದ್ದೀನಿ, ಎದುರುಮನೆಯವರು ಏನಂದ್ಕೊಂಡ್ರೋ.

ಈ ಸಲ ಬ್ರಿಲಿಯನ್ಸಿನ ಎರಡು ಸೀಸೆಗೂ ಎಂಟು, ಎಂಟೂವರೆ ಬಂತು. ಆಗ ಸ್ವಲ್ಪ ಧೈರ್ಯ.

ಹಿಂಗೆ ಎರಡು ಸುತ್ತು ಆದ್ಮೇಲೆ ನನ್ನ ನಾಲಿಗೆ ಏನು ಹೇಳ್ತಿದೆ ಅಂತ ಒಂದು ಅಂದಾಜು ಸಿಕ್ಕಿದೆ. ನನಗೆ ಬೇಕಾಗಿರೋದು ಬರ್ಬನ್ ಪೀಪಾಯಿಯಲ್ಲಿ ಮಾಗಿದ, ಹೊಗೆ ಇಲ್ಲದ ಸಿಂಗಲ್ ಮಾಲ್ಟು (ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ್ದು), 46ರಿಂದ 50 ಪರ್ಸೆಂಟ್ ಒಳಗೆ. ಈ 46 ಸುಮ್ನೆ ಶೋಕಿಗೆ ಅಲ್ಲ. ಅದಕ್ಕಿಂತ ಕೆಳಗಿಳಿದ್ರೆ ತಣ್ಣಗಾದಾಗ, ನೀರು ಬಿದ್ದಾಗ ವಿಸ್ಕಿ ಮಬ್ಬಾಗುತ್ತೆ, ಗಿರಾಕಿ ಗಾಬರಿ ಆಗ್ತಾನೆ ಅಂತ ಎಷ್ಟೋ ಕಂಪನಿಗಳು ಅದನ್ನ ಚೆನ್ನಾಗಿ ತಣ್ಣಗೆ ಮಾಡಿ ಸೋಸಿಬಿಡ್ತಾರೆ, ಆಗ ಜಿಡ್ಡಿನ ಅಂಶ ಒಂದಷ್ಟು ಹೋಗ್ಬಿಡುತ್ತೆ. ಕೊಬ್ಬರಿ ಮನೆಯೋನಿಗೆ ಜಿಡ್ಡು ಹೋದ್ರೆ ಇನ್ನೇನು ಉಳೀತು?

ಎರಡನೇ ಸ್ಥಾನ ಅಮೃತ್ ಫ್ಯೂಷನ್, 50 ಪರ್ಸೆಂಟ್. ನಮ್ಮ ಬೆಂಗಳೂರಿನದ್ದು, ಮೈಸೂರು ರೋಡಿನ ಕಂಬೀಪುರದಲ್ಲಿ ಮಾಡೋದು. ಇಲ್ಲಿನ ಬಾರ್ಲಿ ಜೊತೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ, ಎರಡನ್ನೂ ಬೇರೆ ಬೇರೆ ಇಳಿಸಿ ಮಾಗಿಸಿ ಆಮೇಲೆ ಸೇರಿಸ್ತಾರೆ, ಅದಕ್ಕೇ ಆ ಹೆಸರು. ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನ ಮೊದಲು ಮಾರೋಕೆ ಇಟ್ಟಿದ್ದು ಬೆಂಗಳೂರಲ್ಲಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ, ತಿಪಟೂರಿಗೆ ಹೋಗಿ ಕೊಬ್ಬರಿ ಮಾರ್ತೀನಿ ಅನ್ನೋಷ್ಟು ಧೈರ್ಯ ಅದು. 2010ರ ಪಟ್ಟಿಯಲ್ಲಿ ಜಿಮ್ ಮರ್ರೆ ಅನ್ನೋ ವಿಸ್ಕಿ ವಿಮರ್ಶಕ ಈ ಫ್ಯೂಷನ್‌ನ ಜಗತ್ತಿಗೇ ಮೂರನೇದು ಅಂದ್ಮೇಲೆ ಇಲ್ಲಿಯವರೂ ತಿರುಗಿ ನೋಡಿದ್ರು. ನನಗೆ ಇದರಲ್ಲಿ ಇಷ್ಟ ಆಗೋದು ಹೊಗೆಯ ಪ್ರಮಾಣ, ಮಳೆಗಾಲದಲ್ಲಿ ಅಟ್ಟದ ಕೆಳಗೆ ಹಾಕ್ತಿದ್ರಲ್ಲ ಅಷ್ಟೇ. ಒಗ್ಗರಣೆಗೆ ಇಂಗು ಇದ್ದ ಹಾಗೆ. ಲಫ್ರಾಯ್ಗಲ್ಲಿ ಇಂಗೇ ಸಾರು.

ಮೂರನೇದು ನಾನು ನಿರೀಕ್ಷೆನೇ ಮಾಡಿರ್ಲಿಲ್ಲ, ಐರಿಷ್ ಪಾಟ್ ಸ್ಟಿಲ್, ರೆಡ್‌ಬ್ರೆಸ್ಟ್. ಮೊಳಕೆ ಬಂದ ಬಾರ್ಲಿ ಜೊತೆ ಮೊಳಕೆ ಬರ್ಸದೇ ಇರೋ ಬಾರ್ಲಿನೂ ಸೇರಿಸ್ತಾರೆ, ಮೂರು ಸಲ ಭಟ್ಟಿ ಇಳಿಸ್ತಾರೆ. ಬಾಯಲ್ಲಿ ಎಳ್ಳೆಣ್ಣೆ ಹಾಕ್ಕೊಂಡ ಹಾಗೆ ನುಣ್ಣಗೆ, ಆಮೇಲೆ ಹಿಂದಿಂದ ಶುಂಠಿ ಲವಂಗ. 40 ಪರ್ಸೆಂಟಾದ್ರೂ ತೆಳ್ಳಗೆ ಅನ್ಸಲ್ಲ, ಇಲ್ಲಿ ನನ್ನ 46ರ ಸಿದ್ಧಾಂತ ಬಿದ್ದುಹೋಯ್ತು, ಹೋಗ್ಲಿ ಬಿಡಿ.

ಶೆರ್ರಿ ಪೀಪಾಯಿದು ಅಂದ್ರೆ ಹುಣಸೆ ಮಂಡಿ. ಒಣದ್ರಾಕ್ಷಿ, ಖರ್ಜೂರ, ಸ್ವಲ್ಪ ಒಗರು. ಒಂದು ಗುಟುಕಿಗೆ ವಾಹ್ ಅನ್ಸುತ್ತೆ, ಎರಡನೇದಕ್ಕೆ ಸಾಕು ಅನ್ಸುತ್ತೆ, ಹಬ್ಬದ ದಿನ ಹೋಳಿಗೆ ತಿಂದಮೇಲೆ ಪಾಯಸ ಬಂದ ಹಾಗೆ. ಬರ್ಬನ್ ನನಗೆ ಬೆಲ್ಲದ ಪಾಕ, ಬಿಸಿಲೂರಲ್ಲಿ ಕುಡಿಯೋಕೆ ಭಾರ, ಒಂದು ದೊಡ್ಡ ಐಸ್ ತುಂಡು ಹಾಕಿದ್ರೆ ಸರಿ ಹೋಗುತ್ತೆ. ಗ್ಲೆನ್‌ಲಿವೆಟ್ ಬಗ್ಗೆ ಏನೂ ದೂರಿಲ್ಲ, ನೆಂಟರು ಬಂದಾಗ ಅದೇ. ಪೀಟ್ ಪೂರ್ತಿ ಬಿಟ್ಟಿದ್ದೀನಾ ಅಂದ್ರೆ ಇಲ್ಲ, ದೇವರಾಯನದುರ್ಗದ ಕಡೆ ಮೋಡ ಕವಿದು ಮೂರು ದಿನ ಬಿಸಿಲೇ ಕಾಣ್ದೇ ಇದ್ರೆ ಆಗ 15 ಎಂಎಲ್ ಬೇಕು ಅನ್ಸುತ್ತೆ, ವರ್ಷಕ್ಕೆ ನಾಲ್ಕೈದು ಸಲ. ಅದನ್ನ ನೆಚ್ಚಿನದು ಅನ್ನೋಕಾಗಲ್ಲ, ಹಳೇ ಗೆಳೆಯ ಅನ್ಬೋದು.

18 ವರ್ಷದ್ದರ ವಿಷಯ ಮಾತ್ರ ತಲೆ ಕೊರೀತಿತ್ತು. ಅಷ್ಟು ವಯಸ್ಸು, ಅಷ್ಟು ದುಡ್ಡು, ಎರಡೂ ಸುತ್ತಲ್ಲಿ ಹಿಂದೆ. ಗೌರಿ ಹಬ್ಬಕ್ಕೆ ಊರಿಗೆ ಹೊರಟಾಗ ಅದರದ್ದೊಂದು ಸೀಸೆ, ಬ್ರಿಲಿಯನ್ಸಿಂದು ಒಂದು ಸೀಸೆ ಜೇಬಲ್ಲಿ ಹಾಕ್ಕೊಂಡೆ. ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಮನೆ ಮುಟ್ಟಿದಾಗ ದೊಡ್ಡಪ್ಪ ಜಗಲಿ ಮೇಲೆ ಮಟ್ಟೆ ರಾಶಿ ಮುಂದೆ ಕೂತಿತ್ತು. ಎಪ್ಪತ್ತೈದು ದಾಟಿದೆ, ಬೀಡಿ ಬಿಟ್ರೆ ಬೇರೆ ಚಟ ಇಲ್ಲ, ಹೆಂಡ ಸಾರಾಯಿ ಯಾವತ್ತೂ ಮುಟ್ಟಿಲ್ಲ. ಆದ್ರೆ ಕೊಬ್ಬರಿ ಒಡೆಯದೇ ಬರೀ ಅಲ್ಲಾಡಿಸಿ ಮೂಸಿ ಹದ ಹೇಳೋ ಮನುಷ್ಯ, ಮಂಡಿಯವರೇ ಅವರ ಮಾತಿಗೆ ಎದುರು ಹೇಳ್ತಿರ್ಲಿಲ್ಲ.

"ದೊಡ್ಡಪ್ಪ, ಕುಡೀಬೇಡ, ಬರೀ ಮೂಸಿ ಹೇಳು" ಅಂತ ಮೊದಲನೇ ಸೀಸೆ ಕೊಟ್ಟೆ. ಏನು ಅಂತ ಹೇಳ್ಲಿಲ್ಲ, ಔಷಧಿ ಸೀಸೆ ಅಲ್ವಾ, ಕೆಮ್ಮಿನ ಸಿರಪ್ಪು ಅನ್ಕೊಂಡಿರ್ಬೇಕು. ಮೂಸಿತು. ಕಣ್ಣು ಸಣ್ಣ ಮಾಡ್ತು. ಮತ್ತೆ ಮೂಸಿತು.

"ಏನ್ಲಾ ಇದು, ಕೊಬ್ಬರಿ ಹಿಂಡಿದ್ದೀಯೇನ್ಲಾ? ಸಾರಾಯಿ ಘಾಟು ಐತೆ, ಆದ್ರೆ ಒಳಗೆ ಒಳ್ಳೆ ಕೊಬ್ಬರಿ ಐತೆ. ಹದ ಬಂದೈತೆ."

ಮೈ ಜುಮ್ ಅಂತು. ಎರಡನೇದು ಕೊಟ್ಟೆ, 18 ವರ್ಷದ್ದು. ಒಂದೇ ಸಲ ಮೂಸಿ ವಾಪಸ್ ಕೊಡ್ತು.

"ಇದುನ್ನ ಅಟ್ಟದ್ ಮ್ಯಾಲೆ ಮರ್ತುಬುಟ್ಟವ್ರೆ ಕಣ್ಲಾ. ಕಾಯಿ ವಾಸ್ನೆ ಹೋಗಿ ತೊಲೆ ವಾಸ್ನೆ ಬಂದೈತೆ. ಎಷ್ಟು ದಿನ ಮಡುಗಿದ್ರು?"

"ಹದಿನೆಂಟು ವರ್ಷ."

"ಹದ್ನೆಂಟು ವರ್ಷ!" ಮಟ್ಟೆ ಸುಲಿಯೋರೆಲ್ಲ ತಿರುಗಿ ನೋಡೋ ಹಾಗೆ ನಕ್ತು. "ಹನ್ನೊಂದು ತಿಂಗ್ಳಿಗೆ ಇಳಿಸ್ದೇ ಇದ್ರೆ ಕಮಟು ಹಿಡೀತದೆ, ಹದ್ನೆಂಟು ವರ್ಷ ಯಾವನ್ಲಾ ಮಡುಗ್ತಾನೆ?"

ನ್ಯಾಯವಾಗಿ ಹೇಳ್ಬೇಕಂದ್ರೆ ದೊಡ್ಡಪ್ಪನ ಲೆಕ್ಕ ನಮ್ಮ ಬಿಸಿಲಿನದ್ದು. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಂದ ವರ್ಷಕ್ಕೆ ಆವಿ ಆಗಿ ಹೋಗೋದು ನೂರಕ್ಕೆ ಎರಡು ಪಾಲು, ಅದನ್ನ ಅಲ್ಲಿ ದೇವತೆಗಳ ಪಾಲು ಅಂತಾರೆ, ಬೆಂಗಳೂರಲ್ಲಿ ಅದು 10, 12. ನಮ್ಮ ದೇವತೆಗಳಿಗೆ ಬಾಯಾರಿಕೆ ಜಾಸ್ತಿ. ಇಲ್ಲಿ ಮರಾನೂ ಅಷ್ಟೇ ಬೇಗ ರಸ ಬಿಡುತ್ತೆ, ಅದಕ್ಕೇ ಇಲ್ಲಿಯವರು ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೇ ಬಾಟ್ಲಿಗೆ ಹಾಕ್ತಾರೆ, ಹೆಚ್ಚಿನವಕ್ಕೆ ವಯಸ್ಸೂ ಬರೆಯಲ್ಲ. ಅಲ್ಲಿ 18 ಅನ್ನೋದು ಇಲ್ಲಿ 18 ಅಲ್ಲ. ಇದನ್ನೆಲ್ಲ ದೊಡ್ಡಪ್ಪಂಗೆ ವಿವರಿಸೋಕೆ ಹೋದೆ, ಅರ್ಧಕ್ಕೇ ಕೈ ಅಡ್ಡ ಮಾಡಿ ಕೇಳ್ತು, "ಅದಿರ್ಲಿ, ಆ ಒಳ್ಳೇದು ಒಂದು ಬಾಟ್ಲಿ ಎಷ್ಟ್ಲಾ?"

ನಾನು ಒಂಚೂರು ಕಮ್ಮಿ ಮಾಡೇ ಹೇಳಿದೆ. ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ದೊಡ್ಡಪ್ಪ ಬೆರಳು ಮಡಿಚಿ ಏನೋ ಎಣಿಸ್ತು, ಎಷ್ಟು ಕೆಜಿ ಅಂತ ಜೋರಾಗಿ ಹೇಳ್ಲಿಲ್ಲ, ಒಂದು ಬೀಡಿ ಹಚ್ಕೊಂಡು ಆ ಕಡೆ ತಿರುಗಿ ಕೂತ್ಕೊಂಡ್ತು.

ಒಳಗಿಂದ ಎಲ್ಲಾ ಕೇಳಿಸ್ಕೊಳ್ತಿದ್ದ ದೊಡ್ಡಮ್ಮ ಮಾತ್ರ ಹೊರಗೆ ಬಂದು ಫೋನಲ್ಲಿದ್ದ ಬಾಟ್ಲಿ ಫೋಟೋ ನೋಡಿ, "ಗಾಜು ದಪ್ಪಕ್ಕೈತೆ, ಮುಚ್ಳನೂ ಗಟ್ಟಿಯಾಗೈತೆ, ಖಾಲಿ ಆದ್ಮ್ಯಾಲೆ ಬಿಸಾಕ್ಬ್ಯಾಡ ಕಣಪ್ಪ, ಕೊಬ್ಬರಿ ಎಣ್ಣೆ ಹಾಕಿ ಮಡುಕ್ಕತೀನಿ" ಅಂತು.

ವಾರಕ್ಕೆ 30 ಎಂಎಲ್ ಅಂದ್ರೆ ಅದು ಬೇಗ ಮುಗಿಯೋ ವ್ಯವಹಾರ ಅಲ್ಲ, ಇನ್ನೂ ಕಾಲು ಭಾಗ ಇದೆ. ದೊಡ್ಡಮ್ಮ ಈಗಾಗ್ಲೇ ಎರಡು ಸಲ ಫೋನ್ ಮಾಡಿ ಕೇಳಿದೆ, ಖಾಲಿ ಆಯ್ತಾ ಅಂತ.